ಸಿರುಮುಗೈಯಲ್ಲಿ ಧನುರ್ಮಾಸದ ಭಜನೆ

ನೀಲಗಿರಿಯ ಪರ್ವತಶ್ರೇಣಿಯು ಬಯಲಿಗೆ ಇಳಿಯುವ ಎಡೆಯಲ್ಲಿ, ಮೆಟ್ಟುಪಾಳ್ಯದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಮೇಲೆ ಸಿರುಮುಗೈ ಎಂಬ ಪಟ್ಟಣವಿದೆ. ಅದರ ಪಕ್ಕದಲ್ಲಿ ಭವಾನಿ ನದಿ ಹರಿಯುತ್ತದೆ. ನೀಲಗಿರಿಯಲ್ಲಿ ಹುಟ್ಟಿ, ಕೇರಳದ ಅಟ್ಟಪ್ಪಾಡಿಯನ್ನು ಬಳಸಿ, ಮತ್ತೆ ಪೂರ್ವಕ್ಕೆ ತಿರುಗಿ ತಮಿಳುನಾಡಿಗೆ ಬರುವ ಈ ನದಿಯು ಗಡಿಗಳನ್ನು ಲೆಕ್ಕಿಸದೆ ಹರಿಯುವುದು. ಅದರ ದಂಡೆಯಲ್ಲಿ ನೆಲೆಸಿದ ಜನರ ಮಾತೂ ಹಾಗೆಯೇ. ಪೇಟೆಯಲ್ಲಿ ತಮಿಳು, ಮನೆಯ ಹೊಸ್ತಿಲು ದಾಟಿದರೆ ಕನ್ನಡ.

ಸಿರುಮುಗೈಯ ಹೆಸರನ್ನು ಹೊರಜಗತ್ತು ಬಲ್ಲುದು ಎರಡು ಕಾರಣಗಳಿಂದ. ಒಂದು, ಇಲ್ಲಿದ್ದ ವಿಸ್ಕೋಸ್ ಕಾರ್ಖಾನೆ. ಅದು ಮುಚ್ಚಿ ಬಹಳ ವರ್ಷಗಳಾದವು. ಇನ್ನೊಂದು, ಇಂದಿಗೂ ಇಲ್ಲಿಯ ಮಗ್ಗಗಳಲ್ಲಿ ನೇಯುವ ಮೃದು ರೇಷ್ಮೆಯ ಸೀರೆ. ಆ ಮಗ್ಗಗಳ ಮುಂದೆ ಕುಳಿತವರಲ್ಲಿ ಬಹುಮಂದಿ ಕನ್ನಡ ಮನೆಮಾತಿನ ದೇವಾಂಗರು. ರಾಮಲಿಂಗ ಚೌಡೇಶ್ವರಿ ಇವರ ಕುಲದೇವತೆ. ವಿಜಯನಗರದ ಕಾಲದಿಂದ ತೆಂಕಣಕ್ಕೆ ಬಂದವರು ತಮ್ಮ ಹಿರಿಯರೆಂದು ಇವರು ಹೇಳಿಕೊಳ್ಳುವುದುಂಟು.

ಕೊಂಗುನಾಡಿಗೆ ಕನ್ನಡವು ಹೊಸದಲ್ಲ. ಸಿರುಮುಗೈಯ ಕೆಳಗೆ ನದಿಯು ಭವಾನಿಸಾಗರದ ಜಲಾಶಯವನ್ನು ಸೇರುತ್ತದೆ. ಆ ನೀರಿನ ಅಡಿಯಲ್ಲಿ ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನ ಕೋಟೆ ಮಲಗಿದೆ. ೧೯೫೫ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಿತು. ಬೇಸಗೆಯಲ್ಲಿ ನೀರು ತೀರ ತಗ್ಗಿದಾಗ ಅಲ್ಲಿಯ ಹಳೆಯ ಗುಡಿಯ ಕಲ್ಲುಗಳು ಮೇಲೆ ಕಾಣಿಸಿಕೊಳ್ಳುತ್ತವೆ. ೧೭೯೯ರವರೆಗೆ ಕೊಯಮತ್ತೂರು ಸೀಮೆಯು ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಅನಂತರ ಇಂಗ್ಲಿಷರ ಕಾಲದಲ್ಲಿ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಗೆರೆಯು ಸರಿದಾಡಿತೇ ಹೊರತು ಮನೆಗಳು ಇದ್ದಲ್ಲಿಯೇ ಉಳಿದವು. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ತಮಿಳುನಾಡಿನಲ್ಲಿ ಹನ್ನೊಂದು ಲಕ್ಷಕ್ಕೂ ಮಿಕ್ಕಿದ್ದರು.

ನನ್ನ ತಂಗಿಯನ್ನು ಸಿರುಮುಗೈಗೆ ಕೊಟ್ಟಿದೆ. ನಾನು ತಾಳವಾಡಿಯ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಮುಖ್ಯೋಪಾಧ್ಯಾಯನು. ಅರ್ಧವಾರ್ಷಿಕ ಪರೀಕ್ಷೆಗಳು ಮುಗಿದು ಡಿಸೆಂಬರಿನ ರಜೆ ಬಂದಾಗ, ಕಳೆದ ವರ್ಷ, ದಿಂಬದ ಘಟ್ಟದ ೨೭ ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮಾರ್ಗವಾಗಿ ತಂಗಿಯ ಮನೆಯನ್ನು ಸೇರಿದೆನು. ಅಲ್ಲಿ ಕಳೆದ ಒಂಬತ್ತು ದಿನಗಳಲ್ಲಿ ನಾನು ಕಂಡ ಭಜನೆಯ ಮೇಳವೊಂದರ ವಿಷಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗಿನ ತಿಂಗಳನ್ನು ನಾವು ಧನುರ್ಮಾಸವೆನ್ನುತ್ತೇವೆ, ತಮಿಳರು ಮಾರ್ಗಳಿ ಎನ್ನುತ್ತಾರೆ. ಈ ತಿಂಗಳಲ್ಲಿ ತಮಿಳುನಾಡಿನ ವಿಷ್ಣು ದೇವಾಲಯಗಳಲ್ಲಿ ಆಂಡಾಳಿನ ತಿರುಪ್ಪಾವೈಯ ಮೂವತ್ತು ಪಾಶುರಗಳೂ ಶಿವಾಲಯಗಳಲ್ಲಿ ಮಾಣಿಕ್ಕವಾಚಕರ ತಿರುವೆಂಪಾವೈಯ ಇಪ್ಪತ್ತು ಪದ್ಯಗಳೂ ಬೆಳಗಿನ ಜಾವದಲ್ಲಿ ಕೇಳಿಬರುತ್ತವೆ. ನೇಕಾರರ ಆ ಬೀದಿಯಲ್ಲಿ ಅವುಗಳ ಜತೆಗೆ ಪುರಂದರದಾಸರ, ಕನಕದಾಸರ ಪದಗಳೂ ಚೌಡೇಶ್ವರಿಯ ಹಾಡುಗಳೂ ಕೇಳುತ್ತವೆ. ನಾಲ್ಕೂವರೆ ಗಂಟೆಗೆ ಮಂಜು ಇನ್ನೂ ನದಿಯ ಮೇಲೆ ಕವಿದಿರುತ್ತದೆ. ಹೆಂಗಸರು ಬಾಗಿಲಿಗೆ ನೀರು ಚಿಮುಕಿಸಿ, ರಂಗವಲ್ಲಿ ಹಾಕಿ, ನಡುವೆ ಸಗಣಿಯ ಉಂಡೆಯ ಮೇಲೆ ಕುಂಬಳದ ಹೂವನ್ನು ಇಟ್ಟಿರುತ್ತಾರೆ. ಗುಡಿಯ ಮುಂದಿನ ಕಟ್ಟೆಯ ಮೇಲೆ ಮಫ್ಲರು ಸುತ್ತಿಕೊಂಡ ಹುಡುಗರೂ ಶಾಲು ಹೊದೆದ ಹುಡುಗಿಯರೂ ಬಂದು ಸೇರುತ್ತಾರೆ.

ಮೇಳದಲ್ಲಿದ್ದವರು ಹನ್ನೊಂದು ಮಂದಿ. ಒಬ್ಬನಿಗೆ ಹಾರ್ಮೋನಿಯಂ, ಒಬ್ಬನಿಗೆ ಮೃದಂಗ, ಇಬ್ಬರಿಗೆ ತಾಳ, ಒಬ್ಬ ಹುಡುಗಿಗೆ ಕಂಜಿರ. ಉಳಿದವರದು ಕೊರಳು ಮಾತ್ರ. ಮುಂದಾಳು ೭೮ ವರ್ಷದ ನೇಕಾರರು. ಬೀದಿಯ ಮಕ್ಕಳೆಲ್ಲರಿಗೂ ಅವರು ‘ತಾತ’. ಅವರು ಒಂದು ಸಾಲನ್ನು ಹಾಡುತ್ತಾರೆ, ಮೇಳವು ಅದನ್ನು ಹಿಂದೆ ಹೇಳುತ್ತದೆ, ಬೀದಿಯ ಮನೆಗಳು ಒಳಗಿನಿಂದಲೇ ದನಿಗೂಡಿಸುತ್ತವೆ. ಗಣಪತಿಯಿಂದ ಆರಂಭಿಸಿ ಬೀದಿಯನ್ನು ಸುತ್ತಿ, ಮಂಗಳಾರತಿಯೊಡನೆ ಗುಡಿಯಲ್ಲಿ ಮುಗಿಸುವುದು ಕ್ರಮ. ಆಮೇಲೆ ಬಾಳೆಯೆಲೆಯ ಚೂರಿನಲ್ಲಿ ಬಿಸಿ ಹುಗ್ಗಿ.

ತಾತನು ಹುಡುಗರನ್ನು ತಿದ್ದುವ ರೀತಿಯು ಗಮನಾರ್ಹವಾದುದು. ಮೃದಂಗದ ಹುಡುಗನ ಬೆರಳು ಚುರುಕು. ತನ್ನ ಚಾತುರ್ಯವನ್ನು ತೋರಿಸುವ ಆಸೆ ಅವನಿಗೆ ಸಹಜವಾಗಿ ಇತ್ತು. ಎರಡನೆಯ ದಿನ ಅವನು ನಡೆಯನ್ನು ಏರಿಸಿದಾಗ ಬೀದಿಯ ದನಿಗಳು ಒಂದೊಂದಾಗಿ ನಿಂತುಹೋದವು. ತಾತನು ಗದರಲಿಲ್ಲ. “ಅಪ್ಪಾ, ನೀನು ಬಾರಿಸುವುದು ಆ ಮೂಲೆಮನೆಯ ಅಜ್ಜಿ ಹಾಡುವುದಕ್ಕೆ. ಅವಳ ಉಸಿರು ಎಷ್ಟಿದೆಯೋ ಅಷ್ಟೇ ನಿನ್ನ ತಾಳ” ಎಂದರು. ಕಚೇರಿಯಲ್ಲಿ ಕೇಳುಗರು ಸುಮ್ಮನಿದ್ದರೆ ವಿದ್ವಾಂಸನಿಗೆ ಗೌರವ. ಭಜನೆಯಲ್ಲಿ ಕೇಳುಗರು ಸುಮ್ಮನಾದರೆ ಮೇಳವು ಸೋತಂತೆ. ಸೇವೆ ಎಂಬ ಶಬ್ದಕ್ಕೆ ಇದಕ್ಕಿಂತ ಸರಳವಾದ ವಿವರಣೆಯನ್ನು ನಾನು ಶಿಕ್ಷಕರ ತರಬೇತಿಯ ಕಾಲದಲ್ಲಿಯೂ ಕೇಳಿರಲಿಲ್ಲ.

ಮೂರನೆಯ ದಿನ ನಾನು ಹುಡುಗರ ಹಾಡಿನ ಪುಸ್ತಕಗಳನ್ನು ನೋಡಿದೆನು. ಹಾಡೆಲ್ಲ ಕನ್ನಡ, ಬರೆದುದೆಲ್ಲ ತಮಿಳು ಲಿಪಿಯಲ್ಲಿ. ಶಾಲೆಯಲ್ಲಿ ಕನ್ನಡವಿಲ್ಲದ ಮಕ್ಕಳು ಬೇರೆ ಏನು ಮಾಡಿಯಾರು? ತಮಿಳು ಲಿಪಿಯು ತಮಿಳಿಗೆ ಹೇಳಿ ಮಾಡಿಸಿದುದು. ನಾವು ಕೈಬಿಟ್ಟ ‘ೞ’ಕಾರವನ್ನು ಅದು ಇಂದಿಗೂ ಕಾಪಾಡಿಕೊಂಡಿದೆ. ಆದರೆ ಅಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತ, ಥ, ದ, ಧಗಳಿಗೆ ಒಂದು. ಪ, ಫ, ಬ, ಭಗಳಿಗೆ ಒಂದು. ಹೀಗಾಗಿ ‘ಗಾಳಿ’ ಎಂದು ಬರೆದರೂ ‘ಕಾಳಿ’ ಎಂದು ಬರೆದರೂ ಕಣ್ಣಿಗೆ ಒಂದೇ. ‘ಗುರಿ’ಯೂ ‘ಕುರಿ’ಯೂ ಒಂದೇ. ದೇವಿಯನ್ನು ‘ಬಲ’ ಬೇಡಿದರೋ ‘ಫಲ’ ಬೇಡಿದರೋ ಪುಸ್ತಕವು ಹೇಳಲಾರದು.

ಇದರಲ್ಲಿ ನಾನು ಒಂದು ಸಂಗತಿಯನ್ನು ಕಂಡುಕೊಂಡೆನು. ಮನೆಯಲ್ಲಿ ದಿನನಿತ್ಯ ಆಡುವ ಪದಗಳಲ್ಲಿ ಮಕ್ಕಳು ಎಡವುವುದಿಲ್ಲ. ಬಾಗಿಲು, ದಾರ, ಗಂಡ, ಬೇಡ ಇವುಗಳನ್ನು ಯಾವ ಲಿಪಿಯಲ್ಲಿ ಬರೆದರೂ ಬಾಯಿ ಸರಿಯಾಗಿ ನುಡಿಯುತ್ತದೆ. ಎಡವುವುದು ಹಾಡಿನಲ್ಲಿ ಮಾತ್ರ ಸಿಗುವ ಪದಗಳಲ್ಲಿ. ‘ಭವ’ವು ‘ಪವ’ವಾಗುತ್ತದೆ, ‘ಘನ’ವು ‘ಕನ’ವಾಗುತ್ತದೆ, ‘ಧನ’ವು ‘ತನ’ವಾಗುತ್ತದೆ. ತಾತನು ಮುಂದೆ ನಿಂತು ಹೇಳಿಕೊಡುವವರೆಗೆ ಅವರ ಬಾಯಿ ಇವರ ಕಿವಿಯನ್ನು ತಿದ್ದುತ್ತದೆ. ಅವರ ತರುವಾಯ ತಿದ್ದುವವರು ಯಾರು? ಮನೆಮಾತು ಉಳಿದರೂ ಮನೆಯಾಚೆಗಿನ ಕನ್ನಡ, ದಾಸರ ಮತ್ತು ಶರಣರ ಕನ್ನಡ, ಈ ಬೀದಿಯಿಂದ ಸದ್ದಿಲ್ಲದೆ ಹೊರಟುಹೋಗುವುದು. ನೇಕಾರರ ಕುಲದಲ್ಲಿಯೇ ದೇವರ ದಾಸಿಮಯ್ಯನಂತಹ ಆದ್ಯ ವಚನಕಾರನು ಇದ್ದನೆಂದು ಹೆಮ್ಮೆಪಡುವ ಜನಕ್ಕೆ ಇದು ಸಣ್ಣ ನಷ್ಟವಲ್ಲ.

ತಾತನ ಪುಸ್ತಕವು ಮಾತ್ರ ಕನ್ನಡ ಲಿಪಿಯಲ್ಲಿತ್ತು. ನೂಲಿನ ದಾರದಿಂದ ಹೊಲಿದ, ಅಂಚು ಕಂದಿದ ದಪ್ಪ ಪುಸ್ತಕ. ಎಲ್ಲಿ ಕಲಿತಿರೆಂದು ಕೇಳಿದೆನು. “ಕೊಳ್ಳೇಗಾಲದಲ್ಲಿ ಸೋದರಮಾವನ ಮನೆಯಲ್ಲಿದ್ದು ಮೂರು ತರಗತಿ ಓದಿದೆ, ಮೇಷ್ಟ್ರೇ. ಆಗ ಅದೂ ನಮ್ಮ ಜಿಲ್ಲೆಯೇ ಅಲ್ಲವೇ?” ಎಂದು ನಕ್ಕರು. ಮೂರು ತರಗತಿಯ ಆ ಓದು ಎಪ್ಪತ್ತು ವರ್ಷ ಒಂದು ಬೀದಿಯ ಹಾಡನ್ನು ಹೊತ್ತಿದೆ.

ಅಂದಿನಿಂದ ಸಂಜೆ ಒಂದು ಗಂಟೆಯ ಹೊತ್ತು ತಂಗಿಯ ಮನೆಯ ಮಗ್ಗದ ಪಕ್ಕದಲ್ಲಿ ಏಳು ಮಕ್ಕಳಿಗೆ ನಾನು ಅಕ್ಷರ ಹೇಳಿಕೊಡತೊಡಗಿದೆನು. ವರ್ಣಮಾಲೆಯನ್ನು ಕ್ರಮವಾಗಿ ಬಾಯಿಪಾಠ ಮಾಡಿಸುವಷ್ಟು ಅವಕಾಶವಿರಲಿಲ್ಲ. ಆಕಾರದಲ್ಲಿ ಸುಲಭವಾದ ರ, ಗ, ಸ, ದ, ಅ ಇವುಗಳಿಂದ ಹಿಡಿದೆನು. ಐದೇ ಅಕ್ಷರಗಳಿಂದ ಅರಸ, ಸರ, ಅಗಸ, ಗರಗಸ, ದಸರ ಎಂದು ಓದಲು ಸಾಧ್ಯವಾದಾಗ ಮಕ್ಕಳ ಮುಖ ಅರಳುವುದನ್ನು ಎಲ್ಲ ಉಪಾಧ್ಯಾಯರೂ ಬಲ್ಲರು. ಅನಂತರ ಪಾಠಪುಸ್ತಕವಾಗಿ ತಾತನ ಹಾಡಿನ ಪುಸ್ತಕವನ್ನೇ ಇಟ್ಟುಕೊಂಡೆವು. ಹಾಡು ಮೊದಲೇ ಕಂಠಸ್ಥವಾಗಿದ್ದುದರಿಂದ ಕಣ್ಣು ಅಕ್ಷರವನ್ನು ತಾನಾಗಿಯೇ ಹುಡುಕಿಕೊಳ್ಳುತ್ತಿತ್ತು. ಕಂಜಿರದ ಹುಡುಗಿಯು ಆರನೆಯ ಸಂಜೆ ‘ಘನ’ ಎಂಬ ಪದದ ಮೇಲೆ ಬೆರಳಿಟ್ಟು, “ಸಾರ್, ಇದು ‘ಕನ’ ಅಲ್ಲವಾ? ಇಷ್ಟು ದಿನ ತಪ್ಪಾಗಿ ಹಾಡಿದೆವಾ?” ಎಂದು ಕೇಳಿದಳು. ಅರ್ಥವನ್ನು ಹೇಳಿದೆನು. ಮರುದಿನ ಬೆಳಗ್ಗೆ ಆ ಸಾಲು ಬಂದಾಗ ಹನ್ನೊಂದು ದನಿಗಳಲ್ಲಿ ಅವಳ ದನಿಯೇ ಮೇಲೆದ್ದು ಕೇಳಿಸಿತು.

ನಡುವೆ ಒಂದು ದಿನ ಮೆಟ್ಟುಪಾಳ್ಯದ ಬಸ್ಸು ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾದನು. ಕ್ರೈಸ್ತ ಮನೆತನದ ಹುಡುಗ, ಬೆನ್ನಿಗೆ ಗಿಟಾರು. ಕೋತಗಿರಿಯಲ್ಲಿ ಇದೇ ರಜೆಯಲ್ಲಿ ಯುವಕರ ಶಿಬಿರವೆಂದೂ, ಅಲ್ಲಿಯ ಆರಾಧನೆಯ ವಾದ್ಯವೃಂದದಲ್ಲಿ ತನಗೆ ಸೇವೆಯೆಂದೂ ಹೇಳಿದನು. ಮೂರು ದಿನ ಚಳಿಯಲ್ಲಿ ಒಟ್ಟಿಗೆ ಇದ್ದು, ಬೆಳಗೂ ಸಂಜೆಯೂ ಪ್ರಾರ್ಥನೆ, ವೇದಪಾಠ, ಹಾಡು. ಕೀಬೋರ್ಡು, ಡ್ರಮ್ಮು ಎಲ್ಲವೂ ಉಂಟಂತೆ. “ಹಾಗಾದರೆ ನೀನು ದೊಡ್ಡ ಕಲಾವಿದನಾದೆ” ಎಂದು ನಾನು ವಿನೋದವಾಗಿ ಅಂದೆನು. ಅವನು, “ಇಲ್ಲ ಸಾರ್, ನಾವು ನಿಲ್ಲುವುದು ಕೇಳಿಸುವುದಕ್ಕಲ್ಲ, ಹಾಡಿಸುವುದಕ್ಕೆ. ಜನ ಹಾಡಲು ಹಿಡಿದರೆ ನಾವು ವಾದ್ಯದ ಸದ್ದನ್ನು ತಗ್ಗಿಸುತ್ತೇವೆ” ಎಂದನು. ನೇಕಾರರ ಬೀದಿಯ ತಾತನಾಡಿದ ಮಾತೇ ಇನ್ನೊಂದು ಬಾಯಿಂದ ಬಂದಂತಾಯಿತು.

ಅವನ ಶಿಬಿರದ ಹಾಡುಗಳು ಹೆಚ್ಚಾಗಿ ತಮಿಳು ಮತ್ತು ಇಂಗ್ಲಿಷ್; ಅಜ್ಜಿಯ ಗೀತಪುಸ್ತಕದಿಂದ ಒಂದು ಕನ್ನಡ ಗೀತೆಯನ್ನು ಮಾತ್ರ ಅವನು ಸೇರಿಸಿದ್ದನು. ಆ ಬೆಟ್ಟಗಳಿಗೂ ಕನ್ನಡದ ಕ್ರೈಸ್ತ ಗೀತೆಗಳಿಗೂ ಹಳೆಯ ನಂಟುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನವರು ನೀಲಗಿರಿಯ ಕೇತಿಯಲ್ಲಿ ನೆಲೆಯೂರಿದಾಗ, ಬಡಗರ ನುಡಿಗೆ ಹತ್ತಿರವಾದ ಕನ್ನಡವನ್ನೇ ಶಾಲೆಗೂ ಬೋಧನೆಗೂ ಬಳಸಿದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದರು. ೧೮೯೪ರ ಅವರ ಮಹಾನಿಘಂಟನ್ನು ಎಲ್ಲರೂ ಬಲ್ಲರು. ಪರದೇಶದಿಂದ ಬಂದವರೂ ಜನರ ಹೃದಯಕ್ಕೆ ದಾರಿ ಅವರ ನುಡಿಯ ಹಾಡೇ ಎಂದು ಅರಿತಿದ್ದರು. ಬೆಟ್ಟದ ಮೇಲಿನ ಶಿಬಿರಕ್ಕೂ ಕೆಳಗಿನ ಗುಡಿಯ ಕಟ್ಟೆಗೂ ದೇವರ ಹೆಸರು ಬೇರೆ, ವಾದ್ಯ ಬೇರೆ. ಆದರೆ ಅಜ್ಜಿಯ ಪುಸ್ತಕವನ್ನು ಮೊಮ್ಮಗನು ಓದಬಲ್ಲನೇ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಸಿರುಮುಗೈಯ ಹುಡುಗರ ಮುಂದಿರುವ ಕಷ್ಟಗಳನ್ನು ಮರೆಮಾಚಲಾಗದು. ಮಗ್ಗದ ದುಡಿಮೆ ಎಲ್ಲರನ್ನೂ ಹಿಡಿದಿಡಲಾರದು. ಓದಿದವರು ಕೊಯಮತ್ತೂರಿಗೆ, ಓದು ನಿಲ್ಲಿಸಿದವರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೋಗುತ್ತಾರೆ. ಹಾರ್ಮೋನಿಯಂ ನುಡಿಸುವವನು ಈ ವರ್ಷವೇ ಕಾಲೇಜಿಗೆ ಹೊರಡುವವನು. ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಸಾಲದೇ ಎಂದು ಕೆಲವರು ಕೇಳಿದರು. ಮುದ್ರಿಸಿಕೊಳ್ಳುವುದು ಒಳ್ಳೆಯದೇ, ತಾತನ ದನಿಯು ಉಳಿಯುತ್ತದೆ. ಆದರೆ ಯಂತ್ರವು ಕೇಳಿಸೀತು, ಹಾಡಿಸಲಾರದು.

ನನ್ನ ಸೋದರಳಿಯನು ಒಂದು ಉಪಾಯವನ್ನು ಮಾಡಿದ್ದಾನೆ. ಹೊಸ ಪುಸ್ತಕವೊಂದರಲ್ಲಿ ಎಡಪುಟದಲ್ಲಿ ಕನ್ನಡ ಲಿಪಿ, ಬಲಪುಟದಲ್ಲಿ ತಮಿಳು ಲಿಪಿ, ಅಡಿಯಲ್ಲಿ ಕಠಿಣ ಪದಗಳ ಅರ್ಥ, ಹೀಗೆ ತಾತನ ಹಾಡುಗಳನ್ನು ಬರೆಯುತ್ತಿದ್ದಾನೆ. ನಾನು ಹೊರಡುವ ಹೊತ್ತಿಗೆ ಹದಿನಾಲ್ಕು ಹಾಡುಗಳಾಗಿದ್ದವು. ತಾತನ ಪುಸ್ತಕದಲ್ಲಿರುವುದು ನೂರಕ್ಕೂ ಮಿಕ್ಕಿ. ಈ ವಾರ “ಮಾವ, ಮೂವತ್ತೊಂದಾಯಿತು. ಎರಡು ಕಡೆ ತಾತನ ಅಕ್ಷರ ಅಳಿಸಿದೆ, ಅವರನ್ನೇ ಕೂರಿಸಿಕೊಂಡು ಕೇಳಿ ಬರೆದೆ” ಎಂದು ಅವನು ತಿಳಿಸಿದ್ದಾನೆ. ಕೇಳಿ ಬರೆಯಲು ತಾತನು ಇರುವಾಗಲೇ ಈ ಕಾರ್ಯವು ಮುಗಿಯಬೇಕು.

ಗಡಿಯಾಚೆಗಿನ ನಮ್ಮ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ಮನೆಯಲ್ಲಿಯೂ ಹಿರಿಯರ ಹಾಡಿನ ಪುಸ್ತಕವೊಂದು ಪೆಟ್ಟಿಗೆಯ ತಳದಲ್ಲಿ ಇರಬಹುದು; ಪುಸ್ತಕವಿಲ್ಲದಿದ್ದರೆ ಹಾಡುವ ಅಜ್ಜಿಯಾದರೂ ಇರಬಹುದು. ಮಕ್ಕಳು ಶಾಲೆಯಲ್ಲಿ ತಮಿಳನ್ನು ಚೆನ್ನಾಗಿ ಕಲಿಯಲಿ. ಅದು ಅನ್ನದ ಭಾಷೆ, ನೆರೆಯವರ ಭಾಷೆ, ಮಹತ್ತಾದ ಭಾಷೆ. ಅದರ ಜತೆಗೆ ರಜೆಯ ದಿನಗಳಲ್ಲಿ ಸಂಜೆ ಒಂದು ಗಂಟೆಯನ್ನು ಕೊಟ್ಟು, ಅವರಿಗೆ ಬಾಯಿಗೆ ಬರುವ ಒಂದು ಹಾಡನ್ನು ಕನ್ನಡದ ಅಕ್ಷರಗಳಲ್ಲಿ ಓದಿಸಿರಿ. ಐದು ಅಕ್ಷರಗಳಿಂದ ಆರಂಭಿಸಿದರೆ ಸಾಕು.