ಶಾಂತಿಯ ಕಾಗದಗಳಿಗೊಂದು ಗೋಪುರ

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ನೋಡಹೋದವರ ಕಣ್ಣಿಗೆ, ಕೆಂಪು ಹೆಂಚಿನ ಮಾಡುಗಳ ನಡುವೆ ತಲೆಯೆತ್ತಿ ನಿಂತ ಗೋಪುರವೊಂದು ದೂರದಿಂದಲೇ ಬೀಳುತ್ತದೆ. ಅದರ ಎತ್ತರ 285 ಅಡಿ. ಗೋಪುರವೆಂದೊಡನೆ ದೇಗುಲವನ್ನು ನೆನೆಯುವ ನಮಗೆ, ಅದನ್ನು ಕಟ್ಟಿಸಿದ್ದು ಕಾಗದಗಳ ರಕ್ಷಣೆಗಾಗಿ ಎಂದರೆ ಸೋಜಿಗವೆನಿಸೀತು.

ಮೊದಲನೆಯ ಮಹಾಯುದ್ಧ ಮುಗಿದು, 1919ರಲ್ಲಿ ಪ್ಯಾರಿಸ್ ನಗರದಲ್ಲಿ ಶಾಂತಿ ಸಮ್ಮೇಳನ ನೆರೆಯಿತು. ರಾಜ್ಯವನ್ನು ಬೇಡಬಂದವರು, ಗಡಿಯನ್ನು ಸರಿಸಬೇಕೆಂದವರು, ಬಿಡುಗಡೆಯನ್ನು ಬಯಸಿದವರು ತಂತಮ್ಮ ಅಹವಾಲುಗಳನ್ನು ಅಚ್ಚು ಹಾಕಿಸಿ ಹಂಚಿದರು. ಮನವಿಪತ್ರ, ಭೂಪಟ, ಕಿರುಹೊತ್ತಗೆ—ಇಂದು ಕೈಯಿಂದ ಕೈಗೆ ದಾಟಿ ನಾಳೆ ಕಸದ ಬುಟ್ಟಿಯನ್ನು ಸೇರತಕ್ಕವು.

ಹಸಿದ ಯೂರೋಪಿಗೆ ಅನ್ನ ಒದಗಿಸುವ ಹೊಣೆ ಹೊತ್ತಿದ್ದ ಹರ್ಬರ್ಟ್ ಹೂವರ್ ಅವರಿಗೆ ಈ ಕಾಗದಗಳ ಬೆಲೆ ತಿಳಿದಿತ್ತು. ಇಂಥ ಬಿಡಿಬರಹಗಳು ಬೇಗನೆ ಕಣ್ಮರೆಯಾಗುವುವೆಂಬ ವಿಚಾರವನ್ನು ಆಂಡ್ರೂ ವೈಟ್ ಅವರ ಆತ್ಮಕಥೆಯಲ್ಲಿ ಅವರು ಓದಿದ್ದರು. ತಾವು ಕಲಿತ ಸ್ಟ್ಯಾನ್‌ಫರ್ಡಿಗೆ 50,000 ಡಾಲರುಗಳನ್ನು ಕೊಡಲೊಪ್ಪಿದರು. ಅಲ್ಲಿನ ಇತಿಹಾಸದ ಪ್ರಾಧ್ಯಾಪಕ ಇಫ್ರೇಮ್ ಆಡಮ್ಸ್ ಪ್ಯಾರಿಸಿಗೆ ಹೋಗಿ, ನಿಯೋಗಗಳಿಂದ ಅಚ್ಚಾದುದೆಲ್ಲವನ್ನೂ ಬೇಡಿ ಕೂಡಿಹಾಕಿದರು. ಆ ನಿಯೋಗಗಳ ಪ್ರಚಾರ ಸಾಹಿತ್ಯದ್ದೇ ಒಂದು ಪಟ್ಟಿ 1926ರಲ್ಲಿ ಪ್ರಕಟವಾಯಿತು.

ಅಪರೂಪವಾಗುವುದಕ್ಕೆ ಹಲವು ದಾರಿಗಳಿವೆ. ಅಮೆರಿಕೆಯ ನಿಯೋಗದ ನ್ಯಾಯ ಸಲಹೆಗಾರ ಡೇವಿಡ್ ಹಂಟರ್ ಮಿಲ್ಲರ್, ಸಮ್ಮೇಳನದ ದಿನಚರಿಯನ್ನೂ ದಾಖಲೆಗಳನ್ನೂ 21 ಸಂಪುಟಗಳಲ್ಲಿ ಮುದ್ರಿಸಿದರು. ಅಚ್ಚಾದುದು 40 ಪ್ರತಿ ಮಾತ್ರ. ಸಂಧಿಪತ್ರದ ಗತಿಯಂತೂ ಇನ್ನೂ ವಿಚಿತ್ರ. 1919ರ ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ಅದಕ್ಕೆ ಸಹಿಯಾಯಿತು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಬಿಕಾನೇರಿನ ಮಹಾರಾಜ ಗಂಗಾಸಿಂಗರೂ ಒಬ್ಬರು. ಫ್ರಾನ್ಸಿನ ವಶದಲ್ಲಿದ್ದ ಆ ಮೂಲಪ್ರತಿ 1940ರ ಜರ್ಮನ್ ದಾಳಿಯ ಕಾಲದಲ್ಲಿ ಕಾಣೆಯಾಯಿತು. ಅರಸರ ಸಹಿಯಿದ್ದ ಪತ್ರ ಹೋಯಿತು. ಬಡಪಾಯಿಗಳ ಮನವಿ ಉಳಿಯಿತು!

1941ರಲ್ಲಿ ಈ ಗೋಪುರ ಪೂರ್ಣಗೊಂಡಾಗ ಯೂರೋಪು ಮತ್ತೆ ಹೊತ್ತಿ ಉರಿಯುತ್ತಿತ್ತು. ಅದರ ತುದಿಯಲ್ಲಿರುವ ಗಂಟೆಗಳು 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕೆಂದು ಬೆಲ್ಜಿಯಮ್ಮಿನಿಂದ ಬಂದವು. ತಾನು ಶಾಂತಿಗಾಗಿ ಮಾತ್ರ ಮೊಳಗುವೆನೆಂಬ ಅರ್ಥದ ಲ್ಯಾಟಿನ್ ಬರಹ ಅತಿ ದೊಡ್ಡ ಗಂಟೆಯ ಮೇಲಿದೆ. 1919ರ ಶಾಂತಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚೇನೂ ಬಾಳಲಿಲ್ಲ ಎನ್ನಬಹುದು. ಆದರೆ ಅಂದು ಯಾರು ಏನು ಕೇಳಿದರು, ಯಾರು ಬರಿಗೈಯಲ್ಲಿ ಮರಳಿದರು ಎಂಬುದಕ್ಕೆ ಸಾಕ್ಷಿ ಅಳಿದಿಲ್ಲ. ಅಂದು ಕಿವಿಗೊಡದ ಲೋಕ ಇಂದಾದರೂ ಓದಬಹುದಲ್ಲವೇ?