ಹಿಪ್ಪರಗಿಯಿಂದ ಸಂಡೂರಿಗೆ: ಗಣಿಮನೆಯ ಯಜಮಾನಿಯ ಲೆಕ್ಕ

ಹಿಪ್ಪರಗಿಯಲ್ಲಿ ಕೃಷ್ಣೆ ಬ್ಯಾರೇಜಿನ ಹಿಂದೆ ಹಿನ್ನೀರಾಗಿ ನಿಲ್ಲುತ್ತಾಳೆ. ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಕಬ್ಬು, ಕುಡಿಯುವ ನೀರು ಎರಡೂ ಈ ಹೊಳೆಯನ್ನು ನಂಬಿಕೊಂಡಿವೆ. ಇಲ್ಲಿನದು ಸರ್ಕಾರ ಕಟ್ಟಿದ ಬ್ಯಾರೇಜು. ಇದೇ ಹೊಳೆಯಲ್ಲಿ ಇನ್ನೂ ಕೆಳಗೆ, ಚಿಕ್ಕಪಡಸಲಗಿಯಲ್ಲಿ, 1989ರಲ್ಲಿ ರೈತರೇ ಒಂದನ್ನು ಕಟ್ಟಿಕೊಂಡರು. ಕೃಷ್ಣಾ ತೀರದ ರೈತರ ಸಂಘ ವಂತಿಗೆ ಎತ್ತಿತು, ಸಿದ್ದು ನ್ಯಾಮಗೌಡರು ಮುಂದೆ ನಿಂತರು, ದಂಡೆಯ ಊರಿನವರು ತಾವೇ ಕೆಲಸಕ್ಕಿಳಿದರು. ಆ ನೀರಿಗೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಅಲ್ಲಿ ಕೊಟ್ಟವರೂ ಪಡೆದವರೂ ಒಂದೇ ಜನ. ಈ ನಾಡಿನ ಶಾಲೆ, ಛತ್ರ, ಆಸ್ಪತ್ರೆಗಳ ಬಾಗಿಲಲ್ಲಿ ದಾನಿಗಳ ಹೆಸರಿನ ಕಲ್ಲು ಓದಿ ಓದಿ ಬೇಸತ್ತವನಿಗೆ ಇದು ದೊಡ್ಡ ಸಮಾಧಾನ. ಆದರೆ ಇದರಿಂದಲೇ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಹೊಳೆಯ ದಂಡೆಯಲ್ಲಿ ಹತ್ತಾರು ಊರಿನ ರೈತರು ಸೇರಿ ಕಟ್ಟಬಹುದು. ಸಂಪತ್ತೆಲ್ಲ ಒಂದೇ ಮನೆಯ ಕೈಯಲ್ಲಿದ್ದು, ಊರಿನ ಜನರೆಲ್ಲ ಅದೇ ಮನೆಯ ಕೂಲಿಯಲ್ಲಿರುವ ಗಣಿ ಊರಲ್ಲಿ ಏನಾಗುತ್ತದೆ? ಅಂಥ ಮನೆಯ ಹಿರಿಯ ಹೆಣ್ಣುಮಗಳು ಊರಿಗಾಗಿ ಬಾಳಿದಳು ಎಂದು ನಾವು ಯಾವ ಆಧಾರದ ಮೇಲೆ ಹೇಳಬೇಕು? ಈ ಪ್ರಶ್ನೆ ಇಟ್ಟುಕೊಂಡೇ ನಾನು ಹಿಪ್ಪರಗಿಯಿಂದ ಸಂಡೂರಿನ ದಾರಿ ಹಿಡಿದೆ.

ಪ್ರಶ್ನೆಯನ್ನು ನನಗೆ ಹಚ್ಚಿದ್ದು ಬಹುದೂರದ ಒಬ್ಬ ಹೆಣ್ಣುಮಗಳ ಬದುಕು. ಫೀಬಿ ಹರ್ಸ್ಟ್ 1842ರಲ್ಲಿ ಅಮೆರಿಕದ ಮಿಸೌರಿಯ ಒಕ್ಕಲು ಮನೆಯಲ್ಲಿ ಹುಟ್ಟಿದವಳು; ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವಳು. ಗಂಡ ಜಾರ್ಜ್ ಹರ್ಸ್ಟ್ ಬೆಳ್ಳಿ, ತಾಮ್ರ, ಚಿನ್ನದ ಗಣಿಗಳಿಂದ ಬೆಳೆದ ದೊಡ್ಡ ಶ್ರೀಮಂತ. 1891ರಲ್ಲಿ ಅವನು ತೀರಿಕೊಂಡಾಗ ಆಸ್ತಿಯೆಲ್ಲ ಅವಳ ಕೈಗೆ ಬಂತು. ಮುಂದೆ ಪತ್ರಿಕಾ ಲೋಕದ ದೊರೆ ಎನಿಸಿಕೊಂಡ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವಳ ಮಗ. ಲೋಕಕ್ಕೆ ಅವನು ಗೊತ್ತಿದ್ದಷ್ಟು ತಾಯಿ ಗೊತ್ತಿಲ್ಲ. ದಕ್ಷಿಣ ಡಕೋಟದ ಲೀಡ್ ಎಂಬ ಊರಲ್ಲಿ ಅವರ ಹೋಮ್‌ಸ್ಟೇಕ್ ಚಿನ್ನದ ಗಣಿ ಇತ್ತು. ಅಲ್ಲಿನ ಕಾರ್ಮಿಕರಿಗೆ 1894ರಲ್ಲಿ ಅವಳು ಉಚಿತ ಗ್ರಂಥಾಲಯ ಕೊಟ್ಟಳು, ಮಕ್ಕಳಿಗೆ ಶಿಶುವಿಹಾರ ತೆರೆದಳು. ಮೊಂಟಾನದ ಅನಕೊಂಡ ಎಂಬ ತಾಮ್ರದ ಊರಿಗೂ ಗ್ರಂಥಾಲಯ ಕೊಟ್ಟಳು. 1897ರಲ್ಲಿ ತಾಯಂದಿರ ರಾಷ್ಟ್ರೀಯ ಸಂಘಟನೆಯೊಂದನ್ನು ಕಟ್ಟಲು ಆಲಿಸ್ ಬರ್ನಿಗೆ ಜೊತೆಯಾದಳು. ಶಾಲೆಯಲ್ಲಿ ಪಾಲಕರೂ ಶಿಕ್ಷಕರೂ ಒಟ್ಟಿಗೆ ಕೂರುವ ಅಮೆರಿಕದ ಪದ್ಧತಿ ಬೆಳೆದದ್ದು ಆ ಸಂಘಟನೆಯಿಂದ. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೊದಲ ಮಹಿಳಾ ಸದಸ್ಯೆಯಾಗಿ, 1919ರಲ್ಲಿ ಕಣ್ಣು ಮುಚ್ಚುವವರೆಗೂ ಆ ಸ್ಥಾನದಲ್ಲಿದ್ದಳು. ಎಪ್ಪತ್ತಾರು ವರ್ಷದ ಆ ಬಾಳು ದೊಡ್ಡದು. ಅದು ಒಳ್ಳೆಯದೂ ಆಗಿತ್ತೇ ಎಂಬುದನ್ನು ದಾನದ ಪಟ್ಟಿಯೊಂದೇ ಹೇಳಲಾರದು.

ಏಕೆಂದರೆ ಅದೇ ಲೀಡ್‌ನಲ್ಲಿ 1909ರ ನವೆಂಬರ್‌ನಲ್ಲಿ ಗಣಿ ಕಂಪನಿ ಕಾರ್ಮಿಕರಿಗೆ ಬಾಗಿಲು ಹಾಕಿತು. ಕಾರ್ಮಿಕರು ಸಂಘ ಬಿಡಬೇಕು, ಸಂಘದವನಲ್ಲ ಎಂದು ಬರೆದುಕೊಟ್ಟವನಿಗೆ ಮಾತ್ರ ಕೆಲಸ, ಎಂಬುದು ಕಂಪನಿಯ ಷರತ್ತು. ಕೆಲವೇ ತಿಂಗಳಲ್ಲಿ ಸಂಘ ಮುರಿಯಿತು. ಗ್ರಂಥಾಲಯದಲ್ಲಿ ಓದಲು ಕಲಿತ ಕಾರ್ಮಿಕನಿಗೆ ತನ್ನ ಕೂಲಿಯ ಬಗ್ಗೆ ಒಟ್ಟಾಗಿ ಮಾತಾಡುವ ಹಕ್ಕು ಉಳಿಯಲಿಲ್ಲ. ಇದಕ್ಕಿಂತ ಹಳೆಯ ಗಾಯ ಇನ್ನೊಂದಿದೆ. ಆ ಚಿನ್ನವಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1868ರ ಒಪ್ಪಂದ ಲಕೋಟ ಮೂಲನಿವಾಸಿಗಳಿಗೇ ಬಿಟ್ಟುಕೊಟ್ಟಿತ್ತು; ಚಿನ್ನ ಸಿಕ್ಕ ಮೇಲೆ ಒಪ್ಪಂದ ಮುರಿದು ಕಿತ್ತುಕೊಂಡರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪರಿಹಾರ ಕೊಡಿ ಎಂದಾಗ ಆ ಜನ ಹಣ ಮುಟ್ಟಲಿಲ್ಲ. ನಮಗೆ ಬೆಟ್ಟ ಬೇಕು ಎಂದರು. ಹಾಗಾದರೆ ಫೀಬಿಯ ಗ್ರಂಥಾಲಯವೆಲ್ಲ ಬರೀ ತೋರಿಕೆಯೇ? ಹಾಗೆಂದು ತಳ್ಳಿಹಾಕುವುದು ಸುಲಭ; ನನಗೆ ಅದು ಒಪ್ಪಿತವಿಲ್ಲ. ಲೀಡ್‌ನ ಗಣಿ 2002ರಲ್ಲಿ ಮುಚ್ಚಿತು; ಅದರ ಕೊಡುಗೆಗಳೆಲ್ಲ ಅದರೊಂದಿಗೆ ಮುಗಿಯಲಿಲ್ಲ. 1914ರಲ್ಲಿ ಗಣಿಯ ಹಣದಿಂದ ಎದ್ದ ರಂಗಮಂದಿರ 1984ರಲ್ಲಿ ಬೆಂಕಿಗೆ ಸುಟ್ಟ ಮೇಲೆ, ಊರಿನವರೇ ಅದನ್ನು ತಮ್ಮದೆಂದು ಎತ್ತಿಕೊಂಡು ದುರಸ್ತಿಗೆ ನಿಂತರು. ಪಾಲಕರ ಸಂಘಟನೆ ಇಂದಿಗೂ ಅವಳ ಹಣದ ಹಂಗಿಲ್ಲದೆ ನಡೆಯುತ್ತಿದೆ. ಆ ಬಾಳಿನಲ್ಲಿ ಕೆಲವು ಕೊಡುಗೆಗಳು ಪಡೆದವರ ಸ್ವಂತವಾದವು. ಇನ್ನು ಕೆಲವು ಕೊನೆಯವರೆಗೂ ಕಂಪನಿಯ ಕೃಪೆಯಾಗಿಯೇ ಉಳಿದವು. ನನ್ನ ವಾದ ಇಷ್ಟೇ: ಗಣಿಮನೆಯ ಯಜಮಾನಿಯ ದೀರ್ಘ ಬಾಳನ್ನು ಅಳೆಯಬೇಕಾದದ್ದು ಅವಳು ಎಷ್ಟು ಕೊಟ್ಟಳು ಎಂಬುದರಿಂದಲ್ಲ, ಕೊಟ್ಟದ್ದರ ಯಜಮಾನಿಕೆ ಯಾರ ಕೈ ಸೇರಿತು ಎಂಬುದರಿಂದ.

ಈ ಅಳತೆ ಪರದೇಶದ್ದಲ್ಲ ಎಂಬುದಕ್ಕೆ ದಾರಿಯಲ್ಲೇ ಸಾಕ್ಷಿ ಇದೆ. ಹಿಪ್ಪರಗಿಯಿಂದ ಜಮಖಂಡಿ ಹಾಯ್ದು ಬಂದರೆ ಮುಧೋಳ. ಕಬ್ಬಿನ ಗಾಡಿಗಳು ತುಂಬಿದ ರಸ್ತೆ. ಮುಧೋಳವೆಂದರೆ ಈಗ ಎಲ್ಲರೂ ಬೇಟೆನಾಯಿಯ ಮಾತಾಡುತ್ತಾರೆ. ಬಳೆಗಾರರ ಮನೆಯಲ್ಲಿ ಇಲ್ಲಿ ಹುಟ್ಟಿದ ರನ್ನನ ಮಾತು ಅದಕ್ಕಿಂತ ಮೊದಲು ಬರಬೇಕಿತ್ತು. ಆ ಹುಡುಗನ ವಿದ್ಯೆ ಕಾವ್ಯವಾಗಿ ಬೆಳೆಯಲು ಆಸರೆಯಾದವಳು ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಚಿತೆ ಏರಿದಳು; ಅತ್ತಿಮಬ್ಬೆ ಮಗನಿಗಾಗಿ ಬದುಕಲು ನಿರ್ಧರಿಸಿದಳು. ಆ ನಿರ್ಧಾರದ ಫಲವನ್ನು ಕನ್ನಡ ಸಾವಿರ ವರ್ಷ ಉಂಡಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. 993ರಲ್ಲಿ ರನ್ನ ಅವಳ ಆಶ್ರಯದಲ್ಲೇ ಅಜಿತಪುರಾಣ ಮುಗಿಸಿದ. ಲೋಕಾಪುರದ ಸುಣ್ಣಕಲ್ಲಿನ ಸೀಮೆ, ಬಾದಾಮಿ, ರೋಣಗಳ ಎರೆಹೊಲಗಳನ್ನು ದಾಟಿ ಗದಗಿನ ಆಚೆಯ ಲಕ್ಕುಂಡಿಗೆ ಬಂದರೆ ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯ ನಿಂತಿದೆ, 1007ರ ಶಾಸನದಲ್ಲಿ ಅವಳ ದಾನದ ವಿವರ ಇದೆ. ಅಷ್ಟು ದೊಡ್ಡ ಗುಡಿಗಳ ಊರನ್ನು ಹೆದ್ದಾರಿಯ ಪ್ರವಾಸಿ ಬಸ್ಸುಗಳು ತಿರುಗಿಯೂ ನೋಡದೆ ಹಂಪಿಯ ಜನಜಂಗುಳಿಗೆ ಧಾವಿಸುವುದು ನನಗೆ ನೋವಿನ ಸಂಗತಿ.

ಗುಡಿ ಮತ್ತು ಪ್ರತಿ, ಇವೆರಡರಲ್ಲಿ ಅತ್ತಿಮಬ್ಬೆಯ ಹೆಚ್ಚಿನ ಕೊಡುಗೆ ಯಾವುದು? ಗುಡಿ ಇದ್ದಲ್ಲೇ ಇರುತ್ತದೆ, ಕಟ್ಟಿಸಿದವರ ಹೆಸರು ಹೊತ್ತು ನಿಲ್ಲುತ್ತದೆ. ಪ್ರತಿ ಕೈಯಿಂದ ಕೈಗೆ ಹೋಗುತ್ತದೆ. ಓದಿದವನು ಇನ್ನೊಬ್ಬನಿಗೆ ಓದಿಸುತ್ತಾನೆ, ನಕಲು ಮಾಡಿಕೊಳ್ಳಲು ದಾನಿಯ ಅಪ್ಪಣೆ ಬೇಕಿಲ್ಲ. ಸೈನ್ಯದ ಅಧಿಕಾರಿಗಳ ಮನೆತನದ ಸಂಪತ್ತು ಹೀಗೆ ಒಬ್ಬ ಹೆಣ್ಣುಮಗಳ ವಿವೇಕದಿಂದ ಓದುಗರ ಆಸ್ತಿಯಾಯಿತು. ಅತ್ತಿಮಬ್ಬೆಗೂ ಗಣಿಗೂ ಸಂಬಂಧವಿಲ್ಲ ನಿಜ. ಆದರೆ ಯುದ್ಧದ ಹಣವಾಗಲಿ ಅದಿರಿನ ಹಣವಾಗಲಿ, ಮೂಲದಲ್ಲಿ ಬೇರೆಯವರ ನೋವು ಬೆರೆತಿರುವ ಸಂಪತ್ತು. ಅದನ್ನು ಪಡೆದ ಮನೆಯ ಹೆಣ್ಣಿಗೆ ಆ ಮೂಲವನ್ನು ಬದಲಿಸುವ ಶಕ್ತಿ ಬಹುತೇಕ ಇರಲಿಲ್ಲ. ಹರಿಯುವ ದಿಕ್ಕನ್ನು ಬದಲಿಸುವ ಶಕ್ತಿ ಇತ್ತು. ಅವಳ ಬಾಳನ್ನು ತೂಗಬೇಕಾದದ್ದು ಅಲ್ಲಿ.

ಕೊಪ್ಪಳ, ಹೊಸಪೇಟೆ ಹಿಂದೆ ಬಿದ್ದ ಮೇಲೆ ನೆಲದ ಬಣ್ಣ ಕೆಂಪಾಗುತ್ತದೆ, ರಸ್ತೆಯಂಚಿನ ಗಿಡದ ಎಲೆಯ ಮೇಲೂ ಅದಿರಿನ ದೂಳು. ಸಂಡೂರು ಬೆಟ್ಟಗಳ ನಡುವಿನ ಊರು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಇದು 1949ರಲ್ಲಿ ಭಾರತದಲ್ಲಿ ವಿಲೀನವಾಯಿತು; ನಾನು ಬಿಟ್ಟುಬಂದ ಮುಧೋಳವನ್ನು ಆಳಿದವರೂ ಘೋರ್ಪಡೆಗಳೇ. ತಿರುವಾಂಕೂರಿನ ಪ್ರಸಿದ್ಧ ದೇಗುಲ ಪ್ರವೇಶ ಘೋಷಣೆಗೂ ಮೊದಲೇ, 1932ರಲ್ಲಿ, ಇಲ್ಲಿನ ಕುಮಾರಸ್ವಾಮಿ ದೇಗುಲದ ಬಾಗಿಲು ದಲಿತರಿಗೆ ತೆರೆಯಿತು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದರು. ದೊರೆ ಯಶವಂತರಾವ್ ಘೋರ್ಪಡೆ 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಸ್ಥಾಪಿಸಿದರು. ಮಗ ಎಂ. ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಛಾಯಾಚಿತ್ರಕ್ಕೆ ಹೆಸರಾದವರು. ಈ ಗಂಡಸರ ಚರಿತ್ರೆ ಎಲ್ಲ ಕಡೆ ಬರೆಯಲ್ಪಟ್ಟಿದೆ. ಅದೇ ಮನೆಯ ಹೆಣ್ಣುಮಕ್ಕಳು ಆ ಬರಹಗಳಲ್ಲಿ ಇಂಥವರ ಪತ್ನಿ, ಇಂಥವರ ತಾಯಿ ಎಂಬ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಸುತ್ತಲ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಆ ಅರ್ಧ ಸಾಲೂ ಇಲ್ಲ.

ಆದರೂ ಸಂಡೂರಿನಲ್ಲಿ ನನ್ನ ಪ್ರಶ್ನೆಗೆ ಉತ್ತರ ಕೊಡುವುದು ಆ ತಾಂಡಾಗಳ ಕೈಗಳೇ. 1980ರ ದಶಕದಲ್ಲಿ ಇಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿಗೆ ಮಾರುಕಟ್ಟೆಯ ದಾರಿ ತೋರಿಸಿತು. ಗಾಜಿನ ಚೂರು, ಕವಡೆ, ಬಣ್ಣಬಣ್ಣದ ದಾರ, ಬಟ್ಟೆಯ ತುಂಡುಗಳನ್ನು ಹಿಡಿದು ತಾಯಿ ಮಗಳಿಗೆ, ಅಜ್ಜಿ ಮೊಮ್ಮಗಳಿಗೆ ಹೇಳಿಕೊಟ್ಟ ಹೊಲಿಗೆ ಅದು. ಗಣಿಯಲ್ಲಿ ಕೈಯಿಂದ ಅದಿರು ಒಡೆಯುವ ಕೆಲಸ ಯಂತ್ರದ ಪಾಲಾದಾಗ ಮೊದಲು ಮನೆ ಸೇರುವವರು ಹೆಂಗಸರು. ಮನೆಯಲ್ಲೇ ಕುಳಿತು ಗಳಿಸುವ ಹೊಲಿಗೆಯ ಕೂಲಿಗೆ ಅಂಥ ಕಡೆ ಇರುವ ಬೆಲೆಯನ್ನು ಬೇರೆ ಹೇಳಬೇಕಿಲ್ಲ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆಗಿಂತ ಮುಖ್ಯವಾದದ್ದು ಬೇರೆ ಇದೆ. ಅದಿರು ಒಮ್ಮೆ ಹೋದರೆ ಹೋಯಿತು. ಕಸೂತಿ ಹೊಲಿದಷ್ಟೂ ಕಲಿತವರು ಹೆಚ್ಚುತ್ತಾರೆ. ಕಂಪನಿ ನಾಳೆ ಇರಲಿ ಇಲ್ಲದಿರಲಿ, ಸೂಜಿ ಹಿಡಿಯುವ ವಿದ್ಯೆ ಅವರದೇ. ಅತ್ತಿಮಬ್ಬೆಯ ಪ್ರತಿಗಳ ಸಾಲಿಗೆ ನಾನು ಇದನ್ನು ಸೇರಿಸುತ್ತೇನೆ.

ಇದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಬೆಟ್ಟದ್ದು: ಕಾಡು, ಝರಿ, ಹೊಲಗಳನ್ನು ಕಳೆದುಕೊಂಡ ಊರಿಗೆ ಕಸೂತಿ ಕೇಂದ್ರ ಎಂಥ ಪರಿಹಾರ? ಪರಿಹಾರವೇ ಅಲ್ಲ, ಹಾಗೆ ಎಣಿಸಲೂಬಾರದು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಹೊರಬಿದ್ದ ಅಕ್ರಮಕ್ಕೆ ಉತ್ತರ ಕೊಡಬೇಕಾದದ್ದು ಕಾನೂನು. ನೆಲದ ಗಾಯದ ಲೆಕ್ಕ ಬೇರೆ ಪುಟದಲ್ಲಿರಬೇಕು. ಒಳ್ಳೆಯ ಕೆಲಸವನ್ನು ತೋರಿಸಿ ಆ ಪುಟ ಹರಿಯಲು ಯಾರಿಗೂ ಅವಕಾಶ ಕೊಡಬಾರದು. ಎರಡನೆಯದು ಹಕ್ಕಿನದು: ಗಣಿ ಕಾನೂನಿನ 2015ರ ತಿದ್ದುಪಡಿಯ ಮೇಲೆ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ವಂತಿಗೆ ಕಟ್ಟಲೇಬೇಕು, ಹಳೆಯ ಗುತ್ತಿಗೆಯಾದರೆ ರಾಜಧನದ ಶೇ. 30, ಹರಾಜಿನದಾದರೆ ಶೇ. 10. ಊರಿಗೆ ಬರಬೇಕಾದ್ದು ಹಕ್ಕಾಗಿ ಬರುತ್ತಿರುವಾಗ ದಾನಿಗಳ ಬಾಳನ್ನು ಏಕೆ ನೆನೆಯಬೇಕು? ಈ ಕಾನೂನನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕೃಪೆಗಿಂತ ಹಕ್ಕು ಯಾವಾಗಲೂ ಮೇಲು. ಆದರೆ ಹಣ ಬಂದಾಕ್ಷಣ ಅದನ್ನು ಬಳಸುವ ಕಣ್ಣು ಬರುವುದಿಲ್ಲ. ಪ್ರತಿಷ್ಠಾನದ ದುಡ್ಡು ಕಾಂಪೌಂಡ್ ಗೋಡೆಯಾಗಿ ಮುಗಿಯಬೇಕೋ ಅಥವಾ ಒಂದು ವಿದ್ಯೆಯಾಗಿ ಮನೆಮನೆಗೆ ಇಳಿಯಬೇಕೋ ಎಂಬುದನ್ನು ತೀರ್ಮಾನಿಸಲು ಜನರನ್ನು ಹತ್ತಿರದಿಂದ ಬಲ್ಲ, ವರ್ಷಗಟ್ಟಲೆ ಅವರ ಜೊತೆ ನಿಲ್ಲಬಲ್ಲ ವ್ಯಕ್ತಿ ಬೇಕು. ಹಿಂದೆ ಗಣಿ ಊರುಗಳಲ್ಲಿ ಆ ಕೆಲಸವನ್ನು ಹೆಚ್ಚಾಗಿ ಹೊತ್ತವರು ಹೆಂಗಸರು, ಲೀಡ್‌ನಲ್ಲಾದರೂ ಸಂಡೂರಿನಲ್ಲಾದರೂ. ಮೂರನೆಯದು, ಇಂಥ ಸ್ಮರಣೆ ಶ್ರೀಮಂತ ಮನೆಯವರಿಗೆ ಮಾತ್ರ ಸಲ್ಲುತ್ತದೆ ಎಂಬುದು. ಈ ಮಾತು ಸರಿ, ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ. ಗಣಿಯಲ್ಲಿ ದುಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ತಾಂಡಾದ ಹತ್ತು ಹುಡುಗಿಯರಿಗೆ ಸೂಜಿ ಹಿಡಿಯಲು ಕಲಿಸಿದ ಮುದುಕಿಯೂ ಗಣಿ ಮನೆತನದ ಹಿರಿಯಳೇ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಕೊಡುಗೆಯನ್ನು ತನ್ನ ಹೆಸರಿನಿಂದ ಬಿಡಿಸಿ ಪಡೆದವರ ಕೈಗೆ ಒಪ್ಪಿಸಿದ ಯಜಮಾನಿ ಊರಿಗಾಗಿ ಬಾಳಿದಳು. ಕೊನೆಯವರೆಗೂ ಊರನ್ನು ತನ್ನ ಬಾಗಿಲಲ್ಲಿ ಕಾಯಿಸಿದವಳು ಎಷ್ಟೇ ಕೊಟ್ಟಿದ್ದರೂ ತನಗಾಗಿಯೇ ಬಾಳಿದಳು. ಚಿಕ್ಕಪಡಸಲಗಿಯ ರೈತರು ತಮ್ಮ ಬ್ಯಾರೇಜಿಗೆ ತಾವೇ ಯಜಮಾನರಾದಂತೆ ಗಣಿ ಊರಿನ ಜನ ತಮ್ಮ ಶಾಲೆಗೆ, ಗ್ರಂಥಾಲಯಕ್ಕೆ, ಕಸುಬಿಗೆ ಯಜಮಾನರಾಗಬೇಕು. ಸಂಡೂರು, ಹೊಸಪೇಟೆ, ಇಳಕಲ್ಲು, ಕೋಲಾರದ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ವಿದ್ಯಾರ್ಥಿಗಳನ್ನು ಬಂಗಲೆಗೂ ತಾಂಡಾಕ್ಕೂ ಕಳಿಸಿ, ಎಂಬತ್ತು ದಾಟಿದ ಹೆಣ್ಣುಮಕ್ಕಳ ಮಾತನ್ನು ಅವರು ಬದುಕಿರುವಾಗಲೇ ಬರೆಸಿಕೊಳ್ಳಿ. ಏನು ಕೊಟ್ಟಿರಿ ಎಂದು ಕೇಳಿದ ಮೇಲೆ, ಅದು ಈಗ ಯಾರ ಕೈಯಲ್ಲಿದೆ ಎಂಬುದನ್ನೂ ತಪ್ಪದೆ ಕೇಳಿ.