ಅವ್ವನಿಗೂ ಅದೇ ಎಸ್



ಇಂಗ್ಲಿಷ್ ಪಿರಿಯಡ್ ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಎದೆ ಡವಡವ ಅನ್ನುತ್ತದೆ. ಆದರೆ ದಿನಾಲೂ ಮಾಡುವ ಕೆಲಸ ಹೇಳುವ ಕ್ರಿಯಾಪದ ಮಾತ್ರ ಕನ್ನಡಕ್ಕಿಂತ ಹಗುರ. ಕನ್ನಡದಲ್ಲಿ ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಬಾಲ. ಇಂಗ್ಲಿಷಿನಲ್ಲಿ ಐ, ಯು, ವಿ, ದೇ ಎಲ್ಲಕ್ಕೂ ‘ಕಮ್’ ಒಂದೇ. ಹಿ, ಶಿ, ಇಟ್ ಬಂದರೆ ಮಾತ್ರ ‘ಕಮ್ಸ್’. ನಮ್ಮ ವ್ಯಾಕರಣದ ಪ್ರಥಮ ಪುರುಷ ಏಕವಚನವೇ ಅವರ ಥರ್ಡ್ ಪರ್ಸನ್ ಸಿಂಗ್ಯುಲರ್. ಒಂದನೆಯದು ಮೂರನೆಯದು ಹೇಗಾಯಿತು ಅಂತ ಗಾಬರಿಯಾಗಬೇಡಿ, ಎಣಿಸುವ ರೀತಿ ಬೇರೆ ಅಷ್ಟೇ.

ನಿಯಮ ಬಹಳ ಇಲ್ಲ. ಹೆಚ್ಚಿನ ಪದಗಳಿಗೆ ಎಸ್ ಸಾಕು: ರೀಡ್, ರೀಡ್ಸ್. ಕೊನೆಗೆ ಎಸ್‌ಎಚ್, ಸಿಎಚ್, ಎಕ್ಸ್, ಜೋಡಿ ಎಸ್ ಇದ್ದರೆ ಇಎಸ್: ವಾಶ್, ವಾಶಸ್. ಗೋ, ಡೂ ಪದಗಳಿಗೂ ಇಎಸ್: ಗೋಸ್, ಡಸ್. ಕ್ಯಾರಿ ಪದದಲ್ಲಿ ವೈ ಹಿಂದೆ ವ್ಯಂಜನ ಇದೆ, ಆದ್ದರಿಂದ ವೈ ಹೋಗಿ ಐಇಎಸ್: ಕ್ಯಾರೀಸ್. ಪ್ಲೇ ಪದದಲ್ಲಿ ವೈ ಹಿಂದೆ ಸ್ವರ ಇದೆ, ಬರೀ ಎಸ್. ಹ್ಯಾವ್ ಮಾತ್ರ ‘ಹ್ಯಾಸ್’ ಆಗುತ್ತದೆ. ವಾಕ್ಯದಲ್ಲಿ ‘ಡಸ್ ನಾಟ್’ ಬಂದರೆ ಮುಂದಿನ ಪದಕ್ಕೆ ಎಸ್ ಬೇಡ: ಶಿ ಡಸ್ ನಾಟ್ ಗೋ.

ಈ ಎಸ್ ನನಗೆ ಸೇರುವ ಕಾರಣ ಬೇರೆ ಇದೆ. ನಮ್ಮ ಮನೆಯಲ್ಲಿ ‘ಅಪ್ಪ ಹೊಲಕ್ಕ ಹೋಗತಾರ’ ಅಂತೀವಿ, ‘ಅವ್ವ ಹೊಲಕ್ಕ ಹೋಗತಾಳ’ ಅಂತೀವಿ. ಇಬ್ಬರೂ ಹೋಗುವುದು ಒಂದೇ ಹೊಲಕ್ಕೆ, ಗೌರವದ ಬಹುವಚನ ಮಾತ್ರ ಒಬ್ಬರಿಗೆ. ಇಂಗ್ಲಿಷಿನಲ್ಲಿ ‘ಮೈ ಫಾದರ್ ವರ್ಕ್ಸ್, ಮೈ ಮದರ್ ವರ್ಕ್ಸ್’. ಇಬ್ಬರಿಗೂ ಅದೇ ಎಸ್! ‘ದಿ ಬುಲಕ್ ವರ್ಕ್ಸ್’ ಅಂತ ಗೆಳತಿ ಸೇರಿಸಿದಾಗ ತರಗತಿಯೆಲ್ಲ ನಕ್ಕಿತು. ಖರೆ, ಎತ್ತಿಗೂ ಅದೇ. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವ ತೋರಿಸಲು ಬರುವುದಿಲ್ಲ, ಅದು ಅದರ ಬಡತನ.

ಅವ್ವಗ ಇದನ್ನು ಹೇಳಿದೆ. ‘ತಾಳ ಅಂದ್ರ ಹತ್ರ ಅನಸ್ತದವ್ವಾ, ತಾರ ಅಂದ್ರ ನಾ ಬೀಗತಿ ಆದಂಗ ಆಗ್ತದ’ ಅಂತ ನಕ್ಕಳು. ಇರಲಿ, ಪ್ರೀತಿಗೆ ‘ತಾಳ’ವೇ ಚೆಂದ. ಆದರೆ ಯಾರಾದರೂ ‘ನಿಮ್ಮವ್ವ ಏನ್ ಮಾಡ್ತಾಳ?’ ಅಂತ ಕೇಳಿದರೆ ನಾವು ‘ಏನಿಲ್ರಿ, ಮನ್ಯಾಗ ಇರ್ತಾಳ’ ಅಂತೀವಲ್ಲ, ಅದು ಸರಿಯೇ?

ಅಭ್ಯಾಸಕ್ಕೆಂದು ನಾನು ಅವ್ವನ ದಿನಚರಿ ಬರೆಯುತ್ತ ಹೋದೆ. ಶಿ ಫೆಚಸ್ ವಾಟರ್. ಶಿ ಮಿಲ್ಕ್ಸ್ ದಿ ಬಫೆಲೋ. ಶಿ ಮೇಕ್ಸ್ ರೊಟ್ಟಿ. ಶಿ ಗೋಸ್ ಟು ದಿ ಫೀಲ್ಡ್. ಶಿ ಕ್ಯಾರೀಸ್ ಫೈರ್‌ವುಡ್. ಶಿ ವಾಶಸ್ ಅವರ್ ಕ್ಲೋತ್ಸ್. ‘ಶಿ ಸ್ಲೀಪ್ಸ್’ ಬರುವಷ್ಟರಲ್ಲಿ ಪುಟ ತುಂಬಿತ್ತು. ಎಲ್ಲ ನಿಯಮಗಳೂ ಅದರೊಳಗೇ ಬಂದಿದ್ದವು.

ನೀವೂ ನಿಮ್ಮ ಅವ್ವನ ಬಗ್ಗೆ ಇಂಥ ಹತ್ತು ವಾಕ್ಯ ಬರೆದು ತನ್ನಿರಿ. ಎಸ್ ಎಲ್ಲೂ ಬಿಡಬೇಡಿ, ಅವ್ವನ ಕೆಲಸವನ್ನೂ ಒಂದೂ ಬಿಡಬೇಡಿ.

– ಎಂಟನೆಯ ತರಗತಿಯ ವಿದ್ಯಾರ್ಥಿನಿ